ಹಗಲಿನ ಚಂದ್ರ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಚಿಕ್ಕ ಮಕ್ಕಳಿಗೆ ಆಕಾಶ ತೋರಿಸುವ ಬಗ್ಗೆ ಮಾತಾಡಿ ಎಂದು ಕೇಳಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಎಂ.ಟೆಕ್. ಮಾಡಿದವಳು, ಇವಳಿಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು. ಆದರೆ ನನ್ನ ಮಗಳು ಹಗಲು ಹೊತ್ತಿನಲ್ಲಿ ಚಂದ್ರನನ್ನು ತೋರಿಸಿದಾಗ "ಅದು ಮೋಡ" ಎಂದವಳು ನಾನೇ.

ಆಗ ಅವಳಿಗೆ ಐದು ವರ್ಷ. ಬೆಳಿಗ್ಗೆ ಏಳೂಕಾಲಿಗೆ ಸೊಸೈಟಿಯ ಗೇಟಿನ ಹತ್ತಿರ ಶಾಲೆಯ ಬಸ್ಸಿಗೆ ಕಾಯುತ್ತಿದ್ದೆವು. ನಾನು ಫೋನಿನಲ್ಲಿ ಆಫೀಸಿನ ಮೇಲ್ ನೋಡುತ್ತಿದ್ದೆ, ತಲೆಯನ್ನೇ ಎತ್ತಲಿಲ್ಲ. ಅದೇ ದಿನ ಶಾಲೆಯಲ್ಲಿ ಹಗಲು, ರಾತ್ರಿಯ ಚಿತ್ರ ಬರೆಸಿದ್ದರು. ಇವಳು ಹಗಲಿನ ಕಡೆ ಸೂರ್ಯನ ಜೊತೆಗೆ ಚಂದ್ರನನ್ನೂ ಬರೆದು, ಅದರ ಮೇಲೆ ಕೆಂಪು ಗೆರೆ ಹಾಕಿಸಿಕೊಂಡು ಬಂದಳು. ರಾತ್ರಿ ಮಲಗುವಾಗ ಕೇಳಿದಳು: "ಅಮ್ಮಾ, ನಾ ನೋಡಿದ್ದು ಸುಳ್ಳೇನು?"

ಮರುದಿನ ಗೇಟಿನ ಹತ್ತಿರ ತಲೆ ಎತ್ತಿ ನೋಡಿದೆ. ಪಶ್ಚಿಮದ ಕಟ್ಟಡಗಳ ಮೇಲೆ, ಒಂದು ಬದಿ ಮುರಿದ ಹಪ್ಪಳದ ಹಾಗೆ, ಬೆಳ್ಳಗೆ ಇದ್ದ. "ನೀ ಹೇಳಿದ್ದೇ ಖರೆ, ನಾನೇ ನೋಡಿರಲಿಲ್ಲ" ಎಂದೆ. ಅವಳು ಏನೂ ಹೇಳಲಿಲ್ಲ, ನನ್ನ ಕೈ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು. ಟೀಚರನ್ನು ನಾನು ದೂರುವುದಿಲ್ಲ. ಅವರೂ ನನ್ನ ಹಾಗೆಯೇ ಚಿತ್ರದ ಪುಸ್ತಕ ನೋಡಿ ಕಲಿತವರು, ಆಕಾಶ ನೋಡಿ ಅಲ್ಲ.

ನಮ್ಮ ಮನೆಯಲ್ಲಿ ಆಕಾಶ ನೋಡಿ ಕಲಿತವರು ಅತ್ತೆ. ಪ್ರತಿ ಸಂಕಷ್ಟಿಗೆ ಚಂದ್ರ ಕಾಣುವವರೆಗೆ ಊಟ ಮಾಡುವುದಿಲ್ಲ. ಇಲ್ಲಿ ಪುಣೆಯಲ್ಲಿ ಒಂಬತ್ತರ ಸುಮಾರಿಗೆ ಟೆರೇಸಿಗೆ ಹೋಗುತ್ತಾರೆ. "ಅಜ್ಜಿ, ಹುಣ್ಣಿಮೆಗೆ ಲಗೂ ಬಂದಿದ್ದ, ಇವತ್ತ್ಯಾಕ ತಡಾ?" ಎಂದು ಮಗಳು ಕೇಳಿದಳು. "ದಿನಾ ಒಂದಿಷ್ಟು ತಡಾನ ಬರ್ತಾನವಾ" ಎಂದರು ಅತ್ತೆ. ಆ ಒಂದಿಷ್ಟು ಎಂದರೆ ಸರಾಸರಿ 50 ನಿಮಿಷ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೂಡುತ್ತಾನೆ. ಚೌತಿಯ ಹೊತ್ತಿಗೆ ಸುಮಾರು ಮೂರು ಗಂಟೆ ತಡ, ಬಹುಳ ಅಷ್ಟಮಿಗೆ ನಡುರಾತ್ರಿ. ತಡವಾಗಿ ಬಂದವನು ತಡವಾಗಿಯೇ ಹೋಗಬೇಕಲ್ಲ, ಆದ್ದರಿಂದ ಬೆಳಿಗ್ಗೆ ಶಾಲೆಯ ಬಸ್ಸಿನ ಹೊತ್ತಿಗೂ ಇರುತ್ತಾನೆ. ಸಂಕಷ್ಟಿಯ ಮರುದಿನ ಬೆಳಿಗ್ಗೆ ನೀವೂ ಪಶ್ಚಿಮಕ್ಕೆ ನೋಡಿ. ಶುಕ್ಲ ಅಷ್ಟಮಿಯ ಸುಮಾರಿಗಾದರೆ ಸಂಜೆ ನಾಲ್ಕಕ್ಕೆ ಪೂರ್ವದ ಕಡೆ ಸಿಗುತ್ತಾನೆ. ನಾವು ಬರೀ ಪೂಜೆಯ ಲೆಕ್ಕ ಎಂದುಕೊಂಡ ತಿಥಿಯೂ ಇದೇ. ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿದರೆ ಒಂದು ತಿಥಿ, ಅಂಥ 30 ಸೇರಿದರೆ ಒಂದು ಸುತ್ತು. ನಾನು ಇದನ್ನು ಕಲಿತದ್ದು ಇಷ್ಟು ವರ್ಷ ಆದ ಮೇಲೆ, ಮಗಳ ದೆಸೆಯಿಂದ.

ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚಂದ್ರನನ್ನು ಬರೆಯುತ್ತಾಳೆ. ಕಾಣದ ದಿನ ಖಾಲಿ ಬಿಡಬೇಕು, ಊಹೆ ಮಾಡಿ ಬರೆಯಬಾರದು. ಇದೊಂದೇ ನಿಯಮ. ಮಳೆಗಾಲದಲ್ಲಿ ಖಾಲಿ ಮನೆಗಳೇ ಹೆಚ್ಚು.

ಇನ್ನೊಂದು ಆಟ ಹೇಳುತ್ತೇನೆ, ದಯವಿಟ್ಟು ಮಾಡಿ ನೋಡಿ. ಹಗಲಿನಲ್ಲಿ ಚಂದ್ರ ಕಾಣುವಾಗ, ಬಿಸಿಲಲ್ಲಿ ನಿಂತು, ಒಂದು ಲಿಂಬೆಹಣ್ಣನ್ನು ಕೈ ಚಾಚಿ ಚಂದ್ರನ ಪಕ್ಕಕ್ಕೆ ಹಿಡಿಯಿರಿ. ಹಣ್ಣಿನ ಮೇಲೆ ಎಷ್ಟು ಬಿಸಿಲು ಬಿದ್ದು ಹೊಳೆಯುತ್ತದೆಯೋ ಚಂದ್ರನೂ ಅಷ್ಟೇ, ಅದೇ ಬದಿಗೆ ಹೊಳೆಯುತ್ತಿರುತ್ತಾನೆ. ಇಬ್ಬರಿಗೂ ಬೆಳಕು ಒಬ್ಬನೇ ಸೂರ್ಯನದು. ನನ್ನ ಮಗಳು ಲಿಂಬೆಹಣ್ಣು, ಚಂದ್ರ, ಮತ್ತೆ ಲಿಂಬೆಹಣ್ಣು ನೋಡಿ ನಕ್ಕಳು. ನಾನು ನಗಲಿಲ್ಲ, ನನಗೆ ರೋಮಾಂಚನವಾಗಿತ್ತು. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು, ಅದನ್ನು ಮೊದಲೇ ಮಕ್ಕಳಿಗೆ ಹೇಳಿಡಿ.

ಗ್ಲೋಬು, ಟಾರ್ಚು ತಂದು ಪಾಠ ಶುರು ಮಾಡುವುದು ಐದು ವರ್ಷದವರಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಭೂಮಿ ತಿರುಗುತ್ತದೆ ಎಂದು ಬಾಯಿಪಾಠ ಹೇಳುತ್ತಾರೆ, ಅಷ್ಟೇ. ಅದರ ಬದಲು ಕೋಣೆಯಲ್ಲಿ ಒಂದೇ ದೀಪ ಹಚ್ಚಿ, ಮಗುವನ್ನು ನಿಂತಲ್ಲೇ ನಿಧಾನವಾಗಿ ಎಡಕ್ಕೆ ತಿರುಗಲು ಹೇಳಿ. ದೀಪ ಎಡಗಣ್ಣಿನ ಕಡೆಯಿಂದ ಬಂದು ಬಲಗಡೆ ಹೋಗಿ ಮರೆಯಾಗುತ್ತದೆ. ದೀಪ ನಡೆಯಿತೇ, ನೀನು ತಿರುಗಿದೆಯಾ ಎಂದು ಕೇಳಿ ಸುಮ್ಮನಿರಿ.

ಬೇಸಿಗೆ ರಜೆ ಹತ್ತಿರ ಬಂತು, ಅದಕ್ಕೊಂದು ಮಾತು. ಪುಣೆ, ಮುಂಬೈಯಲ್ಲಿ ಮೇ ಮಧ್ಯದ ಒಂದು ದಿನ, ಹನ್ನೆರಡೂವರೆಯ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಲೋಟಕ್ಕೆ ನೆರಳೇ ಇರುವುದಿಲ್ಲ. ಊರಿಗೆ ಹೋಗುವವರಿಗೆ ಧಾರವಾಡದಲ್ಲಿ ಮೇ ಮೊದಲ ವಾರದಲ್ಲೇ, ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ. ದೆಹಲಿಯ ಗೆಳತಿಯರಿಗೆ ಈ ಭಾಗ್ಯ ಇಲ್ಲ, ಅವರು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರದಲ್ಲಿದ್ದಾರೆ.

ಮೊನ್ನೆ ಮಗಳು ಹೊಸ ಪ್ರಶ್ನೆ ತಂದಳು. ಚಂದ್ರ ಹಗಲು ಬಂದರೆ ನಕ್ಷತ್ರಗಳು ಯಾಕೆ ಬರುವುದಿಲ್ಲ? ಅವೂ ಇರುತ್ತವೆ, ಬೆಳಕಿಗೆ ಕಾಣುವುದಿಲ್ಲ ಎಂದೆ. "ನೀ ನೋಡೀಯೇನು?" ಎಂದಳು. ಇಲ್ಲ, ನೋಡಿಲ್ಲ. ಹಾಗಾಗಿ ನಾಳೆ ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟಿದ್ದೇವೆ. ಟೆರೇಸಿನಲ್ಲಿ ಕೂತು, ಒಂದೇ ನಕ್ಷತ್ರ ಹಿಡಿದು, ಅದು ಎಷ್ಟು ಹೊತ್ತಿನವರೆಗೆ ಕಾಣುತ್ತದೆ ಎಂದು ನೋಡುವುದು. ಅತ್ತೆಯವರು ಫ್ಲಾಸ್ಕಿನಲ್ಲಿ ಚಹಾ ತರುತ್ತಾರಂತೆ.