ಅಂಗಡಿಯ ಕಬಾಬು, ಹಿತ್ತಿಲ ಕೋಳಿ



ಕಣಕುಂಬಿಯ ಬೆಟ್ಟಗಳಲ್ಲಿ ಹುಟ್ಟುವ ಮಲಪ್ರಭೆಯು ಕಿತ್ತೂರು, ಬೈಲಹೊಂಗಲ ಸೀಮೆಗಳನ್ನು ಹಾದು, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗದತ್ತ ಇಳಿಯುತ್ತದೆ. ಮಲೆಯ ಈ ನೀರು ಬಯಲಿನಲ್ಲಿ ಗೋವಿನಜೋಳವಾಗುತ್ತದೆ. ಬೈಲಹೊಂಗಲದ ಎರೆ ಹೊಲಗಳಲ್ಲಿ ಮುಂಗಾರಿಗೆ ಸೋಯಾ ಬೆಳೆಯುತ್ತದೆ. ಬ್ರಾಯ್ಲರ್ ಕೋಳಿಯ ಆಹಾರದಲ್ಲಿ ಹೆಚ್ಚಿನ ಪಾಲು ಇವೆರಡೇ. ಆದ್ದರಿಂದ ಬಸ್ ನಿಲ್ದಾಣದೆದುರು ಪೊಟ್ಟಣ ಕಟ್ಟಿಸಿಕೊಳ್ಳುವ ಕಬಾಬು ಮಲೆನಾಡಿಗೆ ಸಂಬಂಧವಿಲ್ಲದ ಸಂಗತಿಯಲ್ಲ.

ಬ್ರಾಯ್ಲರ್ ಕೋಳಿಯು ಸುಮಾರು 6 ವಾರಗಳಲ್ಲಿ 2 ಕಿಲೋ ತೂಗುತ್ತದೆ. ಅಷ್ಟರಲ್ಲಿ ಮೂರೂವರೆ ಕಿಲೋದಷ್ಟು ಆಹಾರವನ್ನು ತಿಂದಿರುತ್ತದೆ. ಜವಾರಿ ಕೋಳಿಗೆ ಒಂದೂವರೆ ಕಿಲೋ ಮುಟ್ಟಲು ಐದಾರು ತಿಂಗಳು ಬೇಕು. ಆದರೆ ಅದು ಮೇಯುವುದು ಕಣದಲ್ಲಿ ಚೆಲ್ಲಿದ ಜೋಳ, ತಿಪ್ಪೆಯ ಹುಳು, ಗೆದ್ದಲು, ಉಳಿದ ರೊಟ್ಟಿಯ ಚೂರು. ಮನುಷ್ಯನ ಕಾಳಿಗೆ ಅದು ಅಷ್ಟಾಗಿ ಪೈಪೋಟಿ ಹೂಡುವುದಿಲ್ಲ.

ಹಾಗೆಂದು ಸಿದ್ಧ ಅಡುಗೆ ಕೊಳ್ಳುವವರನ್ನು ಸೋಮಾರಿಗಳೆಂದು ಹಳಿಯುವುದು ಅನ್ಯಾಯ. ಹತ್ತಿ ಬಿಡಿಸಿ ಸಂಜೆ ಮರಳಿದ ಹೆಣ್ಣುಮಗಳು ಕೋಳಿಯ ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಖಾರ ಅರೆದು, ಗಂಟೆಗೂ ಮೀರಿ ಒಲೆಯ ಮುಂದೆ ಕೂರಬೇಕು. ಮನೆಯಡುಗೆಯ ರುಚಿಯನ್ನು ಕೊಂಡಾಡುವ ಗಂಡಸರು ಪುಕ್ಕ ಕೀಳಲು ಕೈಜೋಡಿಸುವುದು ಅಪರೂಪ! ಬಲಿತ ಜವಾರಿ ಮಾಂಸವನ್ನು ಕಟ್ಟಿಗೆಯಲ್ಲಿಯೇ ಬೇಯಿಸಿದರೆ ಕಾಡಿಗೂ ಹೊರೆ. ಮೊದಲು ಕುಕ್ಕರಿನಲ್ಲಿ ಬೇಯಿಸಿ, ಕೊನೆಯ ಹತ್ತು ನಿಮಿಷ ಮಾತ್ರ ಕೆಂಡದ ಮೇಲೆ ಸುಡುವುದು ವಿವೇಕದ ಮಾರ್ಗ.

ಕೊಳ್ಳುವ ಅಡುಗೆಯ ತೊಡಕು ಬೇರೆ ಬಗೆಯದು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕಬಾಬಿನಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷಿಸಿದ 39 ಮಾದರಿಗಳ ಪೈಕಿ 8 ಅಸುರಕ್ಷಿತವೆಂದು ಕಂಡುಬಂದಿದ್ದವು. ಬ್ಯಾಡಗಿ ಮೆಣಸಿನಕಾಯಿಯು ನೀಡಬೇಕಾದ ಕೆಂಪನ್ನು ಸೀಸೆಯ ಬಣ್ಣ ನೀಡುತ್ತಿತ್ತು. ಅದೂ ಮೆಣಸಿನಕಾಯಿಯ ನಾಡಿನಲ್ಲಿ! ಪದೇ ಪದೇ ಕಾಯಿಸಿದ ಎಣ್ಣೆಗೂ 2018ರಿಂದ ಮಿತಿಯಿದೆ. ಆದರೆ ಬಾಣಲೆಯ ಎಣ್ಣೆ ಎಷ್ಟನೆಯ ದಿನದ್ದೆಂಬುದು ಗಿರಾಕಿಗೆ ತಿಳಿಯುವ ಬಗೆಯಿಲ್ಲ.

ಇವೆಲ್ಲಕ್ಕಿಂತ ದೊಡ್ಡ ನಷ್ಟವು ಹಿತ್ತಿಲಿನದು. ಕೋಳಿ, ಮೊಟ್ಟೆಗಳ ದುಡ್ಡು ಮನೆಯ ಹೆಂಗಸಿನ ಸ್ವಂತದ್ದು; ಮಗುವಿನ ಪಾಟಿಗೋ ಔಷಧಕ್ಕೋ ಅವಳು ಯಾರ ಮುಂದೆಯೂ ಕೈಚಾಚಬೇಕಿಲ್ಲ. ಹಿತ್ತಿಲು ಬರಿದಾದರೆ ಆ ಗಂಟೂ ಬರಿದಾಗುತ್ತದೆ. ಹಾಗೆ ಬರಿದುಮಾಡುವುದು ಕಬಾಬಿನಂಗಡಿಯೊಂದೇ ಅಲ್ಲ, ಕೊಕ್ಕರೆ ರೋಗವೂ ಹೌದು. ಒಮ್ಮೆ ಬಂದರೆ ಓಣಿಯ ಕೋಳಿಗಳೆಲ್ಲ ಸಾಲಾಗಿ ಸಾಯುತ್ತವೆ. ಬದುಕಿದ್ದರೆ ತಾನೇ ಸುಡುವ ಮಾತು?

ಇದಕ್ಕೆ ಲಸಿಕೆಯುಂಟು. ಮೊದಲ ವಾರದಲ್ಲಿ ಮರಿಯ ಕಣ್ಣಿಗೆ ಲಸೋಟಾ ಹನಿ, ಸುಮಾರು 8 ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು. ಆದರೆ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಬಳಿಕ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಐದಾರು ಕೋಳಿಯುಳ್ಳ ಮನೆಗೆ ಇದು ಒಂಟಿಯಾಗಿ ನಿಲುಕದು. ಇಪ್ಪತ್ತು ಮನೆಗಳು ಕೂಡಿ ಒಂದು ದಿನ ಗೊತ್ತುಮಾಡಿ, ಪಶು ಆಸ್ಪತ್ರೆಯಿಂದ ಮಂಜುಗಡ್ಡೆಯಲ್ಲಿರಿಸಿ ಸೀಸೆ ತರಿಸಬೇಕು. ಕೋಳಿಗಳು ಹೊರಗೆ ಚೆದುರುವ ಮುನ್ನ, ನಸುಕಿನಲ್ಲಿಯೇ ಹಾಕಿಸುವುದು ಅನುಕೂಲ.