ಪಂಕ್ಚರ್ ಆಗುವ ಮುನ್ನ
(ವಿದ್ಯಾರ್ಥಿಗಳ ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂತಹ ವೇದಿಕೆಯಲ್ಲಿ ನಿಂತವರು ಸಾಮಾನ್ಯವಾಗಿ ಗುರಿ, ಸಾಧನೆ, ಪರಿಶ್ರಮ ಎಂಬ ದೊಡ್ಡ ಮಾತುಗಳನ್ನು ಆಡುತ್ತಾರೆ. ನಾನು ಇಂದು ಆಡಹೊರಟಿರುವುದು ಸೈಕಲ್ಲಿನ ಪಂಕ್ಚರ್ ಬಗ್ಗೆ. ನೀವು ನಗುತ್ತಿದ್ದೀರಿ, ನಗಿ. ಆದರೆ ಹೈಸ್ಕೂಲಿನಲ್ಲಿ ಬಹಳ ವರ್ಷ ಗಣಿತ, ವಿಜ್ಞಾನ ಕಲಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು: ಬುದ್ಧಿ ಸಾಲದೆ ಶಾಲೆ ಬಿಟ್ಟ ಮಕ್ಕಳಿಗಿಂತ ದಾರಿ ಸಾಗದೆ ಶಾಲೆ ಬಿಟ್ಟ ಮಕ್ಕಳನ್ನೇ ನಾನು ಹೆಚ್ಚು ಕಂಡಿದ್ದೇನೆ.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಅದರಿಂದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದರು. ಸೈಕಲ್ ಸಿಕ್ಕಿತು. ಆದರೆ ಅದರ ಗಾಳಿ ಹೋದರೆ ಏನು ಮಾಡಬೇಕೆಂದು ಮಕ್ಕಳಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡದವರಲ್ಲಿ ನಾನೂ ಒಬ್ಬ.

ಆಗ ನಾನು ವಿಜಯಪುರ ಜಿಲ್ಲೆಯ ಒಂದು ಶಾಲೆಯಲ್ಲಿದ್ದೆ. ಆ ಭಾಗದ ಚಳಿಗಾಲ ನಿಮಗೆ ಗೊತ್ತಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವದ ತಾಪಮಾನ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಜನವರಿಯಲ್ಲಿ ಸೂರ್ಯ ಮೂಡುವುದೇ ಸುಮಾರು ಏಳು ಗಂಟೆಗೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಿಗ್ಗೆ ಏಳೂವರೆಗೆ ವಿಶೇಷ ತರಗತಿ ಇಟ್ಟವನು ನಾನೇ. ಏಳು ಕಿಲೋಮೀಟರ್ ದೂರದಿಂದ ಬರುವವರು ಕತ್ತಲಲ್ಲೇ ಮನೆ ಬಿಡಬೇಕಾಗುತ್ತದೆ ಎಂಬುದನ್ನು ನಾನು ಯೋಚಿಸಲೇ ಇಲ್ಲ.

ಹಾಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ನಾಲ್ಕು ದಿನ ತರಗತಿಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದೆ. ಗೋಡೆಗೆ ಒರಗಿಸಿದ ಸೈಕಲ್, ಹಿಂದಿನ ಗಾಲಿ ನೆಲ ಕಚ್ಚಿತ್ತು. ಒಂದು ಮುಂಜಾನೆ ದಾರಿಯಲ್ಲಿ ಮುಳ್ಳು ಚುಚ್ಚಿ, ಆಕೆ ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು, ನಡುಗುತ್ತಾ ಮನೆಗೆ ಮರಳಿದ್ದಳು.

ತಂದೆ ಕೋಪ ಮಾಡಿಕೊಳ್ಳಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು: "ಸರ್, ಕತ್ತಲಾಗ, ನಡು ಹಾದ್ಯಾಗ ಗಾಳಿ ಹೋದ್ರ ಈಕಿ ಒಬ್ಬಾಕಿ ಏನ್ ಮಾಡಬೇಕ್ರಿ? ಸಾಲಿ ಸಾಕ್ರಿ ಇನ್ನ."

ನನ್ನ ಬಳಿ ಉತ್ತರವಿರಲಿಲ್ಲ. ಅದು ಸರಿಯಾದ ಪ್ರಶ್ನೆಯಾಗಿತ್ತು. ಒಂದು ವಾರ ಸಮಯ ಕೇಳಿ ಬಂದೆ. ತರಗತಿಯನ್ನು ಎಂಟು ಗಂಟೆಗೆ ಬದಲಾಯಿಸಿದೆ. ಆ ಭಾನುವಾರ ಅವರ ಊರಿನ ಸೈಕಲ್ ಅಂಗಡಿಯವರನ್ನೇ ಗುರುಗಳನ್ನಾಗಿ ಮಾಡಿಕೊಂಡು ನಾವಿಬ್ಬರೂ ಪಂಕ್ಚರ್ ಹಾಕುವುದನ್ನು ಕಲಿತೆವು. ಅಲ್ಲಿ ಕಲಿತದ್ದನ್ನೇ ಇಂದು ನಿಮಗೆ ಹೇಳುತ್ತೇನೆ.

ಮೊದಲು, ಚಳಿಗಾಲಕ್ಕೂ ಟಯರಿಗೂ ಏನು ಸಂಬಂಧ? ತಂಪಾದರೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಮಧ್ಯಾಹ್ನ 30 ಡಿಗ್ರಿ ಬಿಸಿಲಲ್ಲಿ 50 ಪೌಂಡ್ ಒತ್ತಡಕ್ಕೆ ತುಂಬಿದ ಟಯರ್, ಬೆಳಿಗ್ಗೆ 10 ಡಿಗ್ರಿಗೆ ಬರುವಾಗ ಸುಮಾರು 46 ಪೌಂಡಿಗೆ ಇಳಿದಿರುತ್ತದೆ. ಇದರ ಜೊತೆಗೆ ಟ್ಯೂಬಿನಿಂದ ದಿನವೂ ಸ್ವಲ್ಪ ಸ್ವಲ್ಪ ಗಾಳಿ ತಾನಾಗಿಯೇ ಸೋರುತ್ತದೆ. ವಾರಗಟ್ಟಲೆ ಗಾಳಿ ಹೊಡೆಯದ ಮೆತ್ತನೆಯ ಟಯರ್ ಕತ್ತಲಲ್ಲಿ ಕಾಣದ ಗುಂಡಿಗೆ ಬಿದ್ದರೆ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಿಸುಕಿಹೋಗುತ್ತದೆ. ಆಗ ಅಕ್ಕಪಕ್ಕದಲ್ಲಿ ಎರಡು ತೂತುಗಳಾಗುತ್ತವೆ, ಹಾವು ಕಚ್ಚಿದ ಗುರುತಿನಂತೆ. ಇದಕ್ಕೆ ಮುಳ್ಳೇ ಬೇಕಿಲ್ಲ. ಆದ್ದರಿಂದ ಮೊದಲನೆಯ ಸಿದ್ಧತೆ, ವಾರಕ್ಕೊಮ್ಮೆ ಗಾಳಿ ಹೊಡೆಯುವುದು. ಅದೂ ಹಿಂದಿನ ಸಂಜೆಯೇ. ಹೊರಡುವ ಹೊತ್ತಿನಲ್ಲಿ ಪಂಪು ಹುಡುಕಿದರೆ ತರಗತಿ ತಪ್ಪುತ್ತದೆ.

ಎರಡನೆಯದು, ಜೊತೆಗೆ ಒಯ್ಯಬೇಕಾದ ಸಾಮಾನು. ಒಂದು ಹಳೆಯ ಕಂಪಾಸ್ ಪೆಟ್ಟಿಗೆ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಪ್ಯಾಚ್, ಒಂದು ಸಣ್ಣ ಸೊಲ್ಯೂಷನ್ ಟ್ಯೂಬು, ಒಂದು ತುಂಡು ಉಪ್ಪು ಕಾಗದ, ಬೆರಳುದ್ದದ ವಾಲ್ ಟ್ಯೂಬ್ ಇಡಿ. ಟಯರ್ ಬಿಚ್ಚುವ ಎರಡು ಪಟ್ಟಿ, ಒಂದು ಪಾನಾ, ಸಣ್ಣ ಬ್ಯಾಟರಿ, ಹಳೆಯ ಬಟ್ಟೆ ಚೀಲದಲ್ಲಿರಲಿ. ಪಂಪನ್ನು ಸೈಕಲ್ಲಿಗೇ ಕಟ್ಟಿ. ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ತೆರೆದರೆ ಒಳಗೇ ಒಣಗಿಹೋಗುತ್ತದೆ. ಚಳಿ ಶುರುವಾಗುವ ಮುನ್ನ ಅದನ್ನು ಒತ್ತಿ ನೋಡಿ.

ಮೂರನೆಯದು, ಕೆಲಸದ ಕ್ರಮ. ಗಾಳಿ ಹೋದ ಗಾಲಿಯ ಮೇಲೆ ಕುಳಿತು ಓಡಿಸಬೇಡಿ, ರಿಮ್ಮು ಟ್ಯೂಬನ್ನು ಕತ್ತರಿಸುತ್ತದೆ. ಇಳಿದು ರಸ್ತೆಯ ಅಂಚಿಗೆ, ಬೆಳಕಿರುವ ಕಡೆಗೆ ಬನ್ನಿ. ಮೊದಲು ವಾಲ್ವಿನ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಒಳಗಿನ ವಾಲ್ ಟ್ಯೂಬ್ ಹಳತಾಗಿ ಸೀಳಿದೆ ಎಂದರ್ಥ. ಅದನ್ನು ಬದಲಾಯಿಸಿದರೆ ಎರಡೇ ನಿಮಿಷದ ಕೆಲಸ. ಗುಳ್ಳೆ ಏಳದಿದ್ದರೆ ಟಯರಿನ ಒಂದು ಬದಿ ಬಿಚ್ಚಿ, ಟ್ಯೂಬು ಹೊರಗೆಳೆದು ಗಾಳಿ ಹೊಡೆಯಿರಿ. ದಾರಿಯಲ್ಲಿ ಬಕೆಟ್ ನೀರು ಎಲ್ಲಿ ಸಿಗಬೇಕು? ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು ತಿರುಗಿಸಿ, ಗಾಳಿ ತಾಗಿದಲ್ಲಿ ತೂತು. ಪೆನ್ನಿನಿಂದ ಗುರುತು ಹಾಕಿ, ಉಪ್ಪು ಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳುವಾಗಿ ಸವರಿ.

ಇಲ್ಲಿ ಎಲ್ಲರೂ ತಪ್ಪುತ್ತಾರೆ. ಸವರಿದ ಕೂಡಲೇ ಪ್ಯಾಚ್ ಅಂಟಿಸುತ್ತಾರೆ. ಸೊಲ್ಯೂಷನ್ನಿನ ಹೊಳಪು ಹೋಗುವವರೆಗೆ ಕಾಯಬೇಕು. ಬೇಸಿಗೆಗಿಂತ ಚಳಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು. ಬೆರಳು ಸೆಟೆದುಕೊಂಡಿದ್ದರೆ ಆ ಹೊತ್ತಿನಲ್ಲಿ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ.

ಇನ್ನೂ ಮುಖ್ಯವಾದದ್ದು, ತೂತು ಮುಚ್ಚಿದರೆ ಸಾಲದು, ಮುಳ್ಳು ಹುಡುಕಬೇಕು. ಬಳ್ಳಾರಿ ಜಾಲಿಯ ಮುಳ್ಳು ಟಯರಿನೊಳಗೆ ಮುರಿದು ಕುಳಿತಿರುತ್ತದೆ. ಬಟ್ಟೆಯನ್ನು ಟಯರಿನ ಒಳಮೈಗೆ ಒತ್ತಿ ಒಂದು ಸುತ್ತು ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಅದನ್ನು ತೆಗೆಯದೆ ಹೊರಟರೆ ಅರ್ಧ ಮೈಲಿಯಲ್ಲಿ ಮತ್ತೆ ಅದೇ ಕಥೆ.

ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದವರು ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯರು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಮಗನ ಮೂರು ಗಾಲಿ ಸೈಕಲ್ ಕುಲುಕದಿರಲೆಂದು ಅದನ್ನು ಮಾಡಿದರು. ಆರಂಭದಲ್ಲಿ ಟಯರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಗಂಟೆಗಟ್ಟಲೆ ಕೆಲಸ. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸೋದರರು ಬಿಚ್ಚಿ ತೊಡಿಸಬಹುದಾದ ಟಯರ್ ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಓಟದಲ್ಲಿ ಗೆದ್ದ ಶಾರ್ಲ್ ತೆರೋಂ ಅಂತಹ ಟಯರಿನ ಮೇಲೆಯೇ ಓಡಿದ್ದರು. ಪಂಕ್ಚರೇ ಆಗದ ಟಯರ್ ಮಾಡಿ ಗೆದ್ದದ್ದಲ್ಲ, ಆದಾಗ ಬೇಗ ಸರಿಪಡಿಸಬಹುದಾದ ಟಯರ್ ಮಾಡಿ ಗೆದ್ದದ್ದು. ಇದನ್ನು ಗಮನಿಸಿ.

ಈಗ ಆ ವಿದ್ಯಾರ್ಥಿನಿಯ ಕಥೆಗೆ ಬರೋಣ. ವಾರ ಕಳೆದು ನಾನು ಮತ್ತೆ ಅವರ ಮನೆಗೆ ಹೋದೆ. ಆಕೆ ಕಂಪಾಸ್ ಪೆಟ್ಟಿಗೆ ತೆರೆದು ತಂದೆಯ ಮುಂದಿಟ್ಟಳು. ಅವರು ಏನೂ ಮಾತಾಡದೆ, ಬೇಲಿಯಿಂದ ಒಂದು ಜಾಲಿ ಮುಳ್ಳು ಮುರಿದು ತಂದು, ತಾವೇ ಟಯರಿಗೆ ಚುಚ್ಚಿದರು. "ಈಗ ಹಚ್ಚು, ನೋಡೂಣು" ಎಂದರು. ಮೊದಲ ಪ್ಯಾಚ್ ಕಿತ್ತುಬಂತು, ಗಾಬರಿಯಲ್ಲಿ ಆಕೆ ಕಾದಿರಲಿಲ್ಲ. ನಾನು ಬಾಯಿ ಹಾಕಹೋದೆ. "ನೀವು ಸುಮ್ಮನಿರ್ರಿ ಸರ್" ಎಂದು ಆಕೆಯೇ ತಡೆದಳು. ಎರಡನೆಯದು ಹಿಡಿಯಿತು. ಒಟ್ಟು ನಲವತ್ತು ನಿಮಿಷ ಹಿಡಿದಿರಬೇಕು. ಮರುದಿನ ಬೆಳಿಗ್ಗೆ ಎರಡೂ ಗಾಲಿಗೆ ಗಾಳಿ ಹೊಡೆದು ಕಳಿಸಿದವರು ತಂದೆಯೇ ಎಂದು ಆಕೆ ತರಗತಿಯಲ್ಲಿ ಹೇಳಿದಳು.

ಆ ಚಳಿಗಾಲದಲ್ಲಿ ಇನ್ನೊಮ್ಮೆ ಪಂಕ್ಚರ್ ಆಯಿತು. ಅರ್ಧ ಗಂಟೆ ತಡವಾಗಿ, ಕಪ್ಪಾದ ಕೈಗಳೊಡನೆ ಬಾಗಿಲಲ್ಲಿ ನಿಂತಿದ್ದಳು. ನಾನು ಕಾರಣ ಕೇಳದೆ ಹಾಜರಿ ಹಾಕಿದೆ. ಆ ವರ್ಷ ಆಕೆ ಪರೀಕ್ಷೆ ಬರೆದಳು, ಪಾಸಾದಳು.

ಪಾಲಕರೇ, ಮಕ್ಕಳ ದಾರಿಯಲ್ಲಿ ಮುಳ್ಳಿರುತ್ತದೆ ಎಂಬ ನಿಮ್ಮ ಭಯ ಸುಳ್ಳಲ್ಲ. ಆದರೆ ದಾರಿ ಮುಚ್ಚುವುದು ಅದಕ್ಕೆ ಮದ್ದಲ್ಲ. ಸಂಸ್ಥೆಯ ಹಿರಿಯರಲ್ಲಿ ನನ್ನ ಸಣ್ಣ ವಿನಂತಿ: ಶಾಲೆಯ ಸೈಕಲ್ ನಿಲ್ಲಿಸುವ ಜಾಗದಲ್ಲಿ ಒಂದು ಪಂಪು, ಒಂದು ಬಕೆಟ್ ನೀರು, ಒಂದು ಡಬ್ಬಿ ಪ್ಯಾಚ್ ಇಡಿಸಿ. ವಿದ್ಯಾರ್ಥಿಗಳೇ, ಗಂಡು ಹೆಣ್ಣೆನ್ನದೆ ಎಲ್ಲರೂ ಈ ಭಾನುವಾರ ಒಮ್ಮೆ ನಿಮ್ಮ ಸೈಕಲ್ಲಿನ ಟಯರ್ ಬಿಚ್ಚಿ ಮತ್ತೆ ತೊಡಿಸಿ. ಮನೆಯಂಗಳದ ಬಿಸಿಲಲ್ಲಿ ಒಮ್ಮೆ ಮಾಡಿದವರಿಗೆ ದಾರಿಯ ಚಳಿಯಲ್ಲಿ ಕೈ ನಡುಗುವುದಿಲ್ಲ.