ಹಾಸಿಗೆ ಬಿಟ್ಟುಕೊಟ್ಟ ತಾಯಿ

ಆಗಸ್ಟ್ 30: ಸಂತ ಜೀನ್ ಜುಗಾನ್ ಅವರ ಹಬ್ಬದ ಪ್ರಬೋಧನೆ



ನಿನ್ನೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಧ್ವಜ ಏರಿತು. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವದವರೆಗೆ ನಮ್ಮ ಮನೆಗಳಲ್ಲಿ ಕಾವಿ ಬಟ್ಟೆ, ಜಪಸರ, ಕಾಲ್ನಡಿಗೆಯ ಹರಕೆ. ಈ ಪವಿತ್ರ ದಿನಗಳ ನಡುವೆ ಇಂದು ಇನ್ನೊಬ್ಬ ತಾಯಿಯನ್ನು ಸ್ಮರಿಸೋಣ. ಅವರೇ ಸಂತ ಜೀನ್ ಜುಗಾನ್. ಹೆಸರು ನಮಗೆ ಹೊಸದೆನಿಸಬಹುದು. ಆದರೆ ಅವರ ಆತ್ಮಿಕ ಮಕ್ಕಳು ನಮ್ಮ ನೆರೆಯವರೇ. ಹೊಸೂರು ರಸ್ತೆಯಲ್ಲಿ 1900ರಿಂದ ಬಡ ವೃದ್ಧರನ್ನು ಸಾಕುತ್ತಿರುವ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಧರ್ಮಭಗಿನಿಯರು ಅವರು ಕಟ್ಟಿದ ಸಭೆಯವರು. ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ನಗರಕ್ಕೆ ಹೋಗುವ ನಮ್ಮಲ್ಲಿ ಎಷ್ಟೋ ಜನ ಆ ರಸ್ತೆಯಲ್ಲೇ ಓಡಾಡುತ್ತೇವೆ.

ಜೀನ್ ಹುಟ್ಟಿದ್ದು 1792ರಲ್ಲಿ, ಫ್ರಾನ್ಸಿನ ಕಡಲತೀರದ ಕಾಂಕಾಲ್ ಎಂಬ ಊರಿನಲ್ಲಿ. ತಂದೆ ಮೀನುಗಾರ. ಆಕೆ ಪುಟ್ಟ ಮಗುವಾಗಿದ್ದಾಗಲೇ ಕಡಲಿಗೆ ಹೋದ ತಂದೆ ಮರಳಿ ಬರಲಿಲ್ಲ. ಹದಿಹರೆಯದಲ್ಲೇ ಜೀನ್ ಪರರ ಮನೆಯ ಅಡುಗೆಕೆಲಸಕ್ಕೆ ಸೇರಿದರು. ಮುಂದೆ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ, ಮತ್ತೆ ಮನೆಗೆಲಸ. ದುಡಿದು ದುಡಿದು ವಯಸ್ಸು 47 ಆಯಿತು. ಆಸ್ತಿಯಿಲ್ಲ, ಅಧಿಕಾರವಿಲ್ಲ; ಇದ್ದದ್ದು ಬಾಡಿಗೆಯ ಪುಟ್ಟ ಮನೆ, ಒಂದು ಹಾಸಿಗೆ.

1839ರ ಚಳಿಗಾಲದಲ್ಲಿ ಆಕೆ ಅನ್ನಾ ಶೋವಾಂ ಎಂಬ ವೃದ್ಧೆಯನ್ನು ಮನೆಗೆ ಕರೆತಂದರು. ಆ ಅಜ್ಜಿಗೆ ಕಣ್ಣು ಕಾಣದು, ಅರ್ಧ ಮೈ ಸ್ವಾಧೀನದಲ್ಲಿಲ್ಲ, ನೋಡಿಕೊಳ್ಳುವವರಿಲ್ಲ. ಜೀನ್ ತಮ್ಮ ಹಾಸಿಗೆಯನ್ನು ಅಜ್ಜಿಗೆ ಕೊಟ್ಟು ತಾವು ಅಟ್ಟದ ಮೇಲೆ ಮಲಗಿದರು. ಇಷ್ಟೇ, ಪ್ರಿಯರೇ! ಖಂಡಖಂಡಗಳಿಗೆ ಹಬ್ಬಿದ ಒಂದು ಧಾರ್ಮಿಕ ಸಭೆ ಆರಂಭವಾದದ್ದು ಹಣದಿಂದಲ್ಲ, ಬಿಟ್ಟುಕೊಟ್ಟ ಒಂದು ಹಾಸಿಗೆಯಿಂದ.

ಒಬ್ಬರ ಹಿಂದೆ ಇನ್ನೊಬ್ಬರಂತೆ ವೃದ್ಧರು ಬಂದರು. ಅವರ ಹೊಟ್ಟೆ ತುಂಬಿಸಲು ಜೀನ್ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಬೇಡಿದರು. ಒಮ್ಮೆ ಒಬ್ಬಾತ ಭಿಕ್ಷೆಗೆ ಬದಲಾಗಿ ಕೆನ್ನೆಗೆ ಹೊಡೆದನಂತೆ. ಈ ಏಟು ತನಗಾಯಿತು, ಇನ್ನು ತನ್ನ ಬಡವರಿಗೆ ಏನಾದರೂ ಕೊಡಿ ಎಂದು ಆಕೆ ಶಾಂತವಾಗಿ ಕೇಳಿದರೆಂದು ಹೇಳುತ್ತಾರೆ.

ಆದರೆ ಅದಕ್ಕಿಂತ ದೊಡ್ಡ ಏಟು ಸ್ವಂತ ಮನೆಯಲ್ಲೇ ಕಾದಿತ್ತು. 1843ರಲ್ಲಿ ಸಹೋದರಿಯರು ಆಕೆಯನ್ನು ಮತ್ತೆ ಮುಖ್ಯಸ್ಥೆಯನ್ನಾಗಿ ಆರಿಸಿದ ಕೆಲವೇ ದಿನಗಳಲ್ಲಿ, ಮಾರ್ಗದರ್ಶಕ ಗುರುಗಳು ಆಕೆಯನ್ನು ಆ ಸ್ಥಾನದಿಂದ ಇಳಿಸಿದರು. 1852ರಿಂದ 1879ರ ಆಗಸ್ಟ್ 29ರಂದು ತೀರಿಕೊಳ್ಳುವವರೆಗೆ, 27 ವರ್ಷ, ಆಕೆ ಮರೆಯಲ್ಲೇ ಬಾಳಿದರು. ಜೊತೆಗಿದ್ದ ಕಿರಿಯ ಸಹೋದರಿಯರಿಗೆ ಈ ಮುದುಕಿಯೇ ತಮ್ಮ ಸಭೆಯ ಸ್ಥಾಪಕಿ ಎಂಬುದು ಕೂಡ ತಿಳಿದಿರಲಿಲ್ಲ. ಮೊದಲು ಹಾಸಿಗೆ ಕೊಟ್ಟವರು ಆಮೇಲೆ ಹೆಸರನ್ನೂ ಕೊಟ್ಟರು. ಜನ ಮರೆತರು, ದೇವರು ಮರೆಯಲಿಲ್ಲ. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಆಕೆಯನ್ನು ಸಂತರೆಂದು ಘೋಷಿಸಿದರು.

ಪ್ರಿಯರೇ, ಇಂಥ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಹಾರೋಬೆಲೆ, ಮಾರ್ಟಳ್ಳಿಯಂಥ ಊರುಗಳಿಂದ ಈ ಕಡೆಗೆ ಬಂದು, ಗಾರ್ಮೆಂಟ್ಸ್‌ನಲ್ಲಿ ನಿಂತೇ ದುಡಿದವರು, ಕಂಪನಿಗಳ ನೆಲ ಒರೆಸಿದವರು. ಊರಿನಿಂದ ಕೆಲಸ ಹುಡುಕಿ ಬಂದ ನೆಂಟರ ಮಗನಿಗೆ ಇದ್ದ ಒಂದೇ ಮಂಚ ಬಿಟ್ಟು, ತಾವು ಅಡುಗೆಮನೆಯಲ್ಲಿ ಚಾಪೆ ಹಾಸಿದವರು. ಸೆರಗಿನ ಗಂಟಿನಿಂದ ಪಕ್ಕದ ಮನೆಯ ಮಗುವಿನ ಔಷಧಿಗೆ ಹಣ ಬಿಚ್ಚಿದವರು. ಶುಭಸಂದೇಶದ ಬಡ ವಿಧವೆಯಂತೆ ಅವರು ಕೊಟ್ಟದ್ದು ಮಿಕ್ಕಿದ್ದರಿಂದಲ್ಲ, ಇದ್ದದ್ದರಿಂದ. ಇಂದು ನಾವು ಫ್ಲಾಟ್ ಕೊಂಡಿದ್ದರೆ, ನಮ್ಮ ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತಿದ್ದರೆ, ಆ ಚಾಪೆಯ ಋಣ ಅದರಲ್ಲಿದೆ.

ಈಗ ಕೇಳಿಕೊಳ್ಳೋಣ: ಆ ತಾಯಿಯ ಹಾಸಿಗೆ ಇಂದು ನಮ್ಮ ಮನೆಯಲ್ಲಿ ಎಲ್ಲಿದೆ? ಮಾತೆ ಮರಿಯಮ್ಮನವರು ವಯಸ್ಸಾದ ಎಲಿಜಬೇತಳ ಬಳಿಗೆ ಅವಸರದಿಂದ ಹೋಗಿ ಸುಮಾರು ಮೂರು ತಿಂಗಳು ಅವಳೊಂದಿಗಿದ್ದರು. ನಮ್ಮ ತಾಯಂದಿರಿಗೂ ಮೂರು ತಿಂಗಳ ಲೆಕ್ಕವಿದೆ: ದೊಡ್ಡ ಮಗನ ಮನೆಯಲ್ಲಿ ಮೂರು ತಿಂಗಳು, ಚಿಕ್ಕವನ ಮನೆಯಲ್ಲಿ ಮೂರು ತಿಂಗಳು! ಶಿಫ್ಟ್ ಕೆಲಸ, ಬಾಡಿಗೆ, ಇಕ್ಕಟ್ಟಾದ ಮನೆ, ಈ ಕಷ್ಟಗಳು ನಿಜವೇ. ಜೀನ್ ಅವರ ಮನೆಯೂ ದೊಡ್ಡದಿರಲಿಲ್ಲ. ಜಾಗವಿತ್ತೆಂದು ಅವರು ಕರೆತರಲಿಲ್ಲ. ಕರೆತಂದ ಮೇಲೆ ಜಾಗವಾಯಿತು.

ದಿವಂಗತ ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವಾಗಿ ಆಚರಿಸಲು ಕರೆಯಿತ್ತರು. ಆದರೆ ವರ್ಷಕ್ಕೊಂದು ದಿನ ಹೂಗುಚ್ಛ ಕೊಟ್ಟರೆ ಸಾಲದು. ಮಾತೆಗೆ ಹರಕೆ ಹೊತ್ತು ನಡೆಯುವ ನಾವು ಈ ದಿನಗಳಲ್ಲಿ ಒಂದು ಸಂಜೆ ನಮ್ಮ ಬೀದಿಯ ಒಂಟಿ ವೃದ್ಧರ ಬಾಗಿಲಿಗೂ ನಡೆಯೋಣ. ಮನೆಯಲ್ಲಿರುವ ಹಿರಿಯರ ಪಕ್ಕ ಮೊಬೈಲ್ ಬದಿಗಿಟ್ಟು ಕುಳಿತು, ಅವರು ಯಾರಿಗೆಲ್ಲ ಅನ್ನ ಇಕ್ಕಿದರು, ಯಾರನ್ನೆಲ್ಲ ಸಾಕಿದರು ಎಂದು ಕೇಳೋಣ, ಮಕ್ಕಳೂ ಕೇಳಲಿ. ಹಾಗೆ ಕೇಳಿಸಿಕೊಂಡರೆ ಆ ತಾಯಿ ಮನೆಯ ಮೂಲೆಯಲ್ಲಿ ಅಪರಿಚಿತಳಾಗಿ ಉಳಿಯುವುದಿಲ್ಲ.

ದುಡಿದು ಸವೆದ ಕೈಗಳನ್ನು ಗೌರವಿಸುವ ಮನಸ್ಸನ್ನೂ, ನಮ್ಮ ಜಾಗವನ್ನು ಬಿಟ್ಟುಕೊಡುವ ಧೈರ್ಯವನ್ನೂ, ಮಾತೆ ಮರಿಯಮ್ಮನವರ ಮತ್ತು ಸಂತ ಜೀನ್ ಜುಗಾನ್ ಅವರ ಬಿನ್ನಹದ ಮೂಲಕ ಪ್ರಭು ನಮಗೆ ದಯಪಾಲಿಸಲಿ. ಆಮೆನ್.